ಚಿಮಣಿಗಿಂತ ಮೊದಲು ನೆಲದಾಳ ನೋಡಿ: ಇಂಗಾಲ ಹಿಡಿದು ಹೂಳುವ ಯೋಜನೆಯ ಕ್ರಮ

ಇಂಗಾಲದ ಡೈಆಕ್ಸೈಡ್ ಹಿಡಿಯಬೇಕೆಂದು ಹೊರಟ ಕಾರ್ಖಾನೆಗಳು ಸಾಮಾನ್ಯವಾಗಿ ಚಿಮಣಿಯಿಂದ ಶುರುಮಾಡುತ್ತವೆ: ಯಾವ ದ್ರಾವಣ, ಎಷ್ಟು ಎತ್ತರದ ಗೋಪುರ ಎಂದು. ಕ್ರಮ ತಿರುಗಬೇಕು. ಹಿಡಿಯುವ ಘಟಕವನ್ನು ಮೂರ್ನಾಲ್ಕು ವರ್ಷದಲ್ಲಿ ಕಟ್ಟಬಹುದು. ಹೂಳುವ ಜಾಗವನ್ನು ಹುಡುಕಿ, ಕೊರೆದು, ಪರೀಕ್ಷಿಸಿ, ಪರವಾನಗಿ ಪಡೆಯಲು ಎಷ್ಟೋ ಸಲ ಅದಕ್ಕಿಂತ ಹೆಚ್ಚು ಕಾಲ ಬೇಕು. ಜಾಗವಿಲ್ಲದೆ ಹಿಡಿದ ಅನಿಲ ಕೊನೆಗೆ ಗಾಳಿಗೇ ಹೋಗುತ್ತದೆ.

ಜಾಗ

ಬೇಕಿರುವುದು ಸುಮಾರು 800 ಮೀಟರಿಗಿಂತ ಆಳದಲ್ಲಿರುವ, ಉಪ್ಪುನೀರು ತುಂಬಿದ ಮರಳುಕಲ್ಲಿನ ಪದರ, ಅದರ ಮೇಲೆ ಬಿರುಕಿಲ್ಲದ ಜೇಡಿಶಿಲೆಯ ಮುಚ್ಚಳ. 31 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು 74 ಬಾರ್ ಒತ್ತಡ (ಒಂದು ಬಾರ್ ಎಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡ) ದಾಟಿದ ಮೇಲೆ ಇಂಗಾಲದ ಡೈಆಕ್ಸೈಡ್ ದ್ರವದಷ್ಟು ಸಾಂದ್ರವಾಗುತ್ತದೆ. ಘನ ಮೀಟರಿಗೆ ಸುಮಾರು 600ರಿಂದ 700 ಕಿಲೋ ಹಿಡಿಸುವುದು ಆ ಆಳದಲ್ಲೇ. ನಾರ್ವೆಯ ಅನಿಲಕ್ಷೇತ್ರ ಸ್ಲೈಪ್ನರ್‌ನಲ್ಲಿ 1996ರಿಂದ ಸಮುದ್ರತಳದ ಕೆಳಗಿನ ಇಂಥ ಪದರಕ್ಕೇ ಅನಿಲವನ್ನು ಇಳಿಸಲಾಗಿದೆ.

ಪದರದ ಒಟ್ಟು ಗಾತ್ರ ನೋಡಿ ಸಮಾಧಾನಪಡಬೇಡಿ. ದಿನಕ್ಕೆ ಎಷ್ಟು ಟನ್ ಒಳಗೆ ಹೋಗುತ್ತದೆ, ಒತ್ತಡ ಎಷ್ಟು ಬೇಗ ಏರುತ್ತದೆ ಎಂಬುದೇ ನಿಜವಾದ ಪ್ರಶ್ನೆ. ನಾರ್ವೆಯದೇ ಸ್ನೋಹ್ವಿಟ್‌ನಲ್ಲಿ ಒತ್ತಡ ಎಣಿಸಿದ್ದಕ್ಕಿಂತ ಬೇಗ ಏರಿ, 2011ರಲ್ಲಿ ಬೇರೆ ಪದರಕ್ಕೆ ಬದಲಾಯಿಸಬೇಕಾಯಿತು. ಅಲ್ಜೀರಿಯಾದ ಇನ್ ಸಾಲಾದಲ್ಲಿ ನೆಲ ಮಿಲಿಮೀಟರುಗಳ ಲೆಕ್ಕದಲ್ಲಿ ಉಬ್ಬಿದ್ದು ಉಪಗ್ರಹಕ್ಕೆ ಕಂಡಿತು. ಮುಚ್ಚಳದ ಶಿಲೆಯ ಬಗ್ಗೆ ಆತಂಕ ಹುಟ್ಟಿ, ಅದೇ 2011ರಲ್ಲಿ ಅಲ್ಲಿ ಇಳಿಸುವುದನ್ನು ನಿಲ್ಲಿಸಿದರು. ಬಾವಿಯ ತಳದ ಒತ್ತಡವನ್ನು ಶಿಲೆ ಸೀಳುವ ಒತ್ತಡದ ಶೇ. 90ರ ಒಳಗಿಡಿ, ಎರಡನೇ ಬಾವಿಗೆ ಮೊದಲೇ ಹಣ ತೆಗೆದಿಡಿ.

ಸುತ್ತಲಿನ ಹಳೆಯ ತೈಲ, ಅನಿಲ ಬಾವಿಗಳನ್ನು ಒಂದೊಂದಾಗಿ ಪತ್ತೆಹಚ್ಚಿ. ಅನಿಲ ಮೇಲೆ ಬರಲು ಎಲ್ಲಕ್ಕಿಂತ ಸುಲಭದ ದಾರಿ ಸರಿಯಾಗಿ ಮುಚ್ಚದ ಹಳೆಯ ಬಾವಿ. ಭೂಕಂಪನ ಅಲೆಗಳ ಮೂರು ಆಯಾಮದ ಸಮೀಕ್ಷೆಯನ್ನು ಮೊದಲ ಟನ್ ಇಳಿಸುವ ಮುಂಚೆಯೇ ಮಾಡಿಸಿ. ಮುಂಚಿನ ಚಿತ್ರವಿಲ್ಲದಿದ್ದರೆ ನಂತರದ ಚಿತ್ರದಲ್ಲಿ ಬದಲಾದದ್ದು ಯಾವುದೆಂದು ಹೇಳಲಾಗದು. ಇಳಿಯುವ ಒಣ ಅನಿಲ ಬಾವಿಯ ಬುಡದ ಉಪ್ಪುನೀರನ್ನು ಆವಿಯಾಗಿಸಿ, ಉಪ್ಪು ಹರಳುಗಟ್ಟಿ ರಂಧ್ರಗಳನ್ನು ಕಟ್ಟುವುದೂ ಉಂಟು. ಆಗ ಸಿಹಿನೀರು ಹಾಯಿಸಿ ತೊಳೆಯಬೇಕು.

ಯಾವ ಹೊಗೆ, ಯಾವ ಶಾಖ

ಅಮೋನಿಯ ಮತ್ತು ಎಥನಾಲ್ ಘಟಕಗಳಿಂದ ಬಹುತೇಕ ಶುದ್ಧ ಇಂಗಾಲದ ಡೈಆಕ್ಸೈಡೇ ಹೊರಬರುತ್ತದೆ. ಒಣಗಿಸಿ ಒತ್ತಿದರೆ ಸಾಕು, ಅಲ್ಲಿಂದಲೇ ಶುರುಮಾಡಿ. ಕಲ್ಲಿದ್ದಲ ಹೊಗೆಯಲ್ಲಿ ಅದು ಶೇ. 12ರಿಂದ 15, ಅನಿಲ ಟರ್ಬೈನಿನ ಹೊಗೆಯಲ್ಲಿ ಶೇ. 3ರಿಂದ 4 ಮಾತ್ರ. ಸಿಮೆಂಟಿನ ಸಂಗತಿಯೇ ಬೇರೆ. ಒಂದು ಟನ್ ಕ್ಲಿಂಕರಿಗೆ (ಪುಡಿಮಾಡಿದರೆ ಸಿಮೆಂಟಾಗುವ ಸುಟ್ಟ ಗಟ್ಟಿ) ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಸುಣ್ಣಕಲ್ಲಿನಿಂದಲೇ ಬಿಡುಗಡೆಯಾಗುತ್ತದೆ. ಇಂಧನ ಬದಲಿಸಿದರೂ ಅದು ಹೋಗದು. ಹಾಗಾಗಿ ಈ ತಂತ್ರದ ಅಗತ್ಯ ಅಲ್ಲಿ ನಿಜಕ್ಕೂ ದೊಡ್ಡದು.

ಎಲ್ಲರೂ ಬಳಸುವ ಅಳತೆಗೋಲು ಶೇ. 30ರ ಎಂಇಎ (ಮೊನೊಎಥನೊಲಮೀನ್) ಎಂಬ ಅಮೀನಿನ ದ್ರಾವಣ: ತಣ್ಣಗಿದ್ದಾಗ ಇಂಗಾಲದ ಡೈಆಕ್ಸೈಡನ್ನು ಹೀರಿ, ಕಾಯಿಸಿದಾಗ ಬಿಟ್ಟುಕೊಡುತ್ತದೆ. ಇದರಲ್ಲಿ ಒಂದು ಟನ್ ಬಿಡಿಸಲು ಸುಮಾರು 3.5 ಗಿಗಾಜೂಲ್ ಶಾಖ, ಅಂದರೆ ಸುಮಾರು 1.6 ಟನ್ ಕಡಿಮೆ ಒತ್ತಡದ ಹಬೆ ಬೇಕು. ದಿನಕ್ಕೆ 2000 ಟನ್ ಹಿಡಿಯುವ ಘಟಕಕ್ಕೆ 80 ಮೆಗಾವಾಟ್ ಶಾಖ. ಅದನ್ನು ಕಲ್ಲಿದ್ದಲ ಬಾಯ್ಲರಿನಿಂದ ತಂದರೆ ಹಿಡಿದ ಪ್ರತಿ ಟನ್ನಿಗೆ ಸುಮಾರು 0.4 ಟನ್ ಹೊಸದಾಗಿ ಹುಟ್ಟುತ್ತದೆ. ಲೆಕ್ಕದ ಪುಸ್ತಕದಲ್ಲಿ ‘ಹಿಡಿದದ್ದು’ ಮತ್ತು ‘ತಪ್ಪಿಸಿದ್ದು’ ಎಂದು ಎರಡು ಅಂಕಣಗಳನ್ನಿಡಿ. ಹಿಡಿದದ್ದರಲ್ಲಿ ಹೊಸದಾಗಿ ಹುಟ್ಟಿದ್ದನ್ನು ಕಳೆದು ಉಳಿಯುವ ಎರಡನೆಯದೇ ನಂಬಬೇಕಾದ ಸಂಖ್ಯೆ. ವ್ಯರ್ಥವಾಗುವ ಶಾಖ ಎಷ್ಟು ಸಿಗುತ್ತದೆ ನೋಡಿ, ಘಟಕದ ಗಾತ್ರವನ್ನು ಅದಕ್ಕೆ ಹೊಂದಿಸುವುದು ಜಾಣತನ.

ಗೋಪುರಗಳು

ಹೊಗೆಯ ಗಂಧಕದ ಡೈಆಕ್ಸೈಡನ್ನು ಮೊದಲು 10 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಹತ್ತು ಭಾಗ) ಕೆಳಗಿಳಿಸಿ. ಇಲ್ಲವಾದರೆ ಅದು ಅಮೀನಿನೊಡನೆ ಬಿಸಿಗೂ ಬಿಡದ ಲವಣವಾಗಿ ದ್ರಾವಣವನ್ನು ತಿನ್ನುತ್ತದೆ. ಹೊಗೆಯನ್ನು 40 ಡಿಗ್ರಿಗೆ ತಣಿಸಿ ಹೀರುವ ಗೋಪುರಕ್ಕೆ ಬಿಡಿ. ಹಿಡಿಯುವ ಪ್ರತಿ ಟನ್ನಿಗೆ 16ರಿಂದ 18 ಟನ್ ದ್ರಾವಣ ಸುತ್ತಬೇಕು. ಬಿಡಿಸುವ ಗೋಪುರದ ತಳ 120 ಡಿಗ್ರಿಯ ಆಸುಪಾಸಿನಲ್ಲಿರಲಿ. ಉತ್ಪಾದನೆ ಕುಸಿದಾಗ ಹಬೆ ಏರಿಸುವ ಆಸೆಯಾಗುತ್ತದೆ, ಆದರೆ 125 ದಾಟಿದರೆ ಅಮೀನ್ ಒಡೆಯುವ ವೇಗ ಏರಿ, ಉಕ್ಕಿನ ಸವೆತವೂ ಹೆಚ್ಚುತ್ತದೆ. ದ್ರಾವಣದಲ್ಲಿ ಕಬ್ಬಿಣದ ಅಂಶವನ್ನು ವಾರ ವಾರ ಅಳೆಯಿರಿ. ಅದು ಏರತೊಡಗಿದರೆ ಎಲ್ಲೋ ಉಕ್ಕು ಕರಗುತ್ತಿದೆ, ಆ ಕಬ್ಬಿಣವೇ ಆಮ್ಲಜನಕದಿಂದ ಅಮೀನ್ ಹಾಳಾಗುವುದನ್ನೂ ಚುರುಕುಗೊಳಿಸುತ್ತದೆ. ನೊರೆ ಬಂದರೆ ನೊರೆನಾಶಕ ಸುರಿದು ಸುಮ್ಮನಾಗದೆ ಇದ್ದಿಲ ಶೋಧಕ ಬದಲಿಸಿ, ಹೊಗೆಯ ದೂಳು ಒಳಬರುತ್ತಿದೆಯೇ ನೋಡಿ. ಹೀರುವ ಗೋಪುರದ ತುದಿಯಲ್ಲಿ ನೀರಿನಿಂದ ತೊಳೆಯುವ ಹಂತ ಕಡ್ಡಾಯ. ಅಮೀನ್ ಆವಿ ಊರಿನ ಗಾಳಿಗೆ ಸೇರಬಾರದು.

ಒತ್ತಿ ಸಾಗಿಸುವುದು

110ರಿಂದ 150 ಬಾರ್‌ವರೆಗೆ ಒತ್ತುವಾಗ ಹಂತಗಳ ನಡುವೆ ತಣಿಸಿ, ನೀರನ್ನು ಪೂರ್ತಿ ಬೇರ್ಪಡಿಸಿ. ಒಣ ಅನಿಲ ಸಾಧಾರಣ ಉಕ್ಕಿಗೆ ಏನೂ ಮಾಡದು. ನೀರು ಬೇರೆಯಾಗಿ ಕುಳಿತರೆ ಕಾರ್ಬಾನಿಕ್ ಆಮ್ಲವಾಗಿ ಕೊಳವೆಯನ್ನು ಕೊರೆಯುತ್ತದೆ. 50 ಪಿಪಿಎಂ ಒಳಗಿನ ತೇವ ಸುರಕ್ಷಿತ ಗುರಿ. ಕೊಳವೆಯ ಒತ್ತಡವನ್ನು ನಿಧಾನವಾಗಿ ಇಳಿಸಿ, ದಿಢೀರನೆ ಬಿಟ್ಟರೆ ಒಳಗೆ ಒಣಮಂಜುಗಡ್ಡೆ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಕಟ್ಟಿ, ಉಕ್ಕು ಪೆಡಸಾಗಿ ಸೀಳಬಹುದು.

2020ರ ಫೆಬ್ರವರಿಯಲ್ಲಿ ಅಮೆರಿಕದ ಮಿಸಿಸಿಪಿಯ ಸಟಾರ್ಷಿಯಾ ಬಳಿ ಭಾರಿ ಮಳೆಗೆ ಮಣ್ಣು ಜರಿದು ಇಂಥ ಕೊಳವೆ ಒಡೆಯಿತು. ಗಾಳಿಗಿಂತ ಭಾರದ ಅನಿಲ ತಗ್ಗಿನಲ್ಲಿ ಹರಿದು 45 ಮಂದಿ ಆಸ್ಪತ್ರೆ ಸೇರಿದರು, ಕಾರುಗಳ ಎಂಜಿನ್ನೂ ನಿಂತವು. ಕೊಳವೆಯ ದಾರಿ ಗುರುತಿಸುವಾಗ ಜರಿಯುವ ಇಳಿಜಾರು ಮತ್ತು ತಗ್ಗಿನ ಊರುಗಳನ್ನು ಬಿಟ್ಟುಬಿಡಿ. ಸೋರಿಕೆ ಪತ್ತೆಗೆ ಆಮ್ಲಜನಕ ಮಾಪಕವನ್ನು ನಂಬಬೇಡಿ: ಗಾಳಿಯಲ್ಲಿ ಪ್ರಾಣಾಪಾಯದ ಶೇ. 4 ಇಂಗಾಲದ ಡೈಆಕ್ಸೈಡ್ ತುಂಬಿದಾಗಲೂ ಆಮ್ಲಜನಕ ಇನ್ನೂ ಶೇ. 20ರಷ್ಟು ಉಳಿದಿರುತ್ತದೆ, 19.5ಕ್ಕೆ ಹೊಂದಿಸಿದ ಎಚ್ಚರಿಕೆ ಗಂಟೆ ಬಾರಿಸುವುದೇ ಇಲ್ಲ. ಇಂಗಾಲದ ಡೈಆಕ್ಸೈಡನ್ನೇ ನೇರವಾಗಿ ಅಳೆಯುವ ಸಂವೇದಕಗಳನ್ನು ನೆಲದಿಂದ ಅರ್ಧ ಮೀಟರಿನ ಒಳಗೆ, ಗುಂಡಿ ಮತ್ತು ನೆಲಮಾಳಿಗೆಗಳಲ್ಲಿ ಕೂರಿಸಿ.