ಚಳಿಗಾಲದ ಇಬ್ಬನಿಗೆ ಬೈಕು ತುಕ್ಕು ಹಿಡಿಯದ ಹಾಗೆ

ಮಳೆಗಾಲ ಕಳೆಯಿತು, ಇನ್ನು ಬೈಕಿಗೆ ಏನೂ ಆಗುವುದಿಲ್ಲ ಅಂತ ನಮ್ಮ ಹುಡುಗರು ನಂಬಿಕೊಂಡಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡು, ಟಾರ್ಪಾಲು ಅಂತ ಓಡಾಡುತ್ತಾರೆ. ಹುತ್ತರಿ ಹಬ್ಬ ಮುಗಿದು ಚಳಿ ಬಿತ್ತೋ, ಅಂಗಳದಲ್ಲಿ ಸುಮ್ನೆ ನಿಲ್ಲಿಸಿ ಒಳಗೆ ಹೋಗಿ ಮಲಗುತ್ತಾರೆ. ಬೆಳಿಗ್ಗೆ ಎದ್ದು ಸೀಟಿನ ಮೇಲೆ ಕೈ ಇಟ್ಟು ನೋಡಿ, ರಾತ್ರಿಯೆಲ್ಲ ಮಳೆ ಬಂದಷ್ಟು ಒದ್ದೆ ಇರುತ್ತದೆ. ಮಳೆ ನೀರಾದರೂ ಹರಿದು ಹೋಗುತ್ತದೆ. ಇಬ್ಬನಿ ಹಾಗಲ್ಲ. ಬೋಲ್ಟಿನ ತಲೆಯ ಗುಳಿಯಲ್ಲಿ, ಚಕ್ರದ ಕಡ್ಡಿ ರಿಮ್ಮಿಗೆ ಸೇರುವ ಮೂಲೆಯಲ್ಲಿ ಕೂತುಬಿಡುತ್ತದೆ. ಕುಶಾಲನಗರದ ಕಡೆಯವರಿಗೆ ಇಷ್ಟು ತೊಂದರೆ ಇಲ್ಲ. ಮಡಿಕೇರಿ, ಭಾಗಮಂಡಲದ ಕಡೆ ಮಂಜು ಕರಗುವಷ್ಟರಲ್ಲಿ ಅರ್ಧ ಬೆಳಿಗ್ಗೆ ಕಳೆದಿರುತ್ತದೆ, ಅಷ್ಟು ಹೊತ್ತೂ ಕಬ್ಬಿಣ ಒದ್ದೆ.

ಹಾಗಂತ ಹೇಳಿದರೆ ಇನ್ನೊಂದು ತಪ್ಪು ಮಾಡುತ್ತಾರೆ. ಕೆಸರಿನ ಬೈಕನ್ನು ತಂದು, ಎಂಜಿನ್ ಬಿಸಿ ಇರುವಾಗಲೇ ಪ್ಲಾಸ್ಟಿಕ್ ಕವರ್ ಎಳೆದು, ಕೆಳಗೆ ಹಗ್ಗ ಬಿಗಿದು ಕಟ್ಟುತ್ತಾರೆ. ಒಳಗಿನ ತೇವ ಎಲ್ಲಿಗೆ ಹೋಗಬೇಕು? ಆ ಕವರ್ ಎತ್ತಿ ಒಳಮೈ ಮುಟ್ಟಿ ನೋಡಿದ್ದೀರಾ, ಬೆವರಿರುತ್ತದೆ. ಒದ್ದೆ ಬೈಕಿಗೆ ಕವರ್ ಹಾಕುವುದಕ್ಕಿಂತ ಹಾಕದೇ ಇರುವುದೇ ಮೇಲು. ಮೇಲೆ ಮಾಡು, ಪಕ್ಕದಲ್ಲಿ ಗಾಳಿ, ಕೆಳಗೆ ಸಿಮೆಂಟು ಅಥವಾ ಒಂದು ಹಲಗೆ, ಇಷ್ಟಿದ್ದರೆ ಸಾಕು. ಕಣದಲ್ಲಿ ಹರಡಿದ ಕಾಫಿಗೂ ಇದೇ ಗತಿ ಮಾಡುತ್ತಾರೆ ಈಗಿನವರು, ಸಂಜೆ ರಾಶಿ ಮಾಡಿ ಮುಚ್ಚಿದ್ದನ್ನು ಮಾರನೇ ದಿನ ಬಿಸಿಲೇರಿದರೂ ತೆಗೆಯುವುದಿಲ್ಲ, ಆಮೇಲೆ ಬೂಸಲು ಬಂತು ಅಂತ ಗೋಳು. ಇಬ್ಬನಿ ಆರಿದ ಕೂಡಲೇ ಬಿಚ್ಚಿ ಹರಡಬೇಕು, ನಡುನಡುವೆ ಕೈಯಾಡಿಸಬೇಕು.

ಕೊಟ್ಟಿಗೆಯಲ್ಲಂತೂ ಬೈಕು ನಿಲ್ಲಿಸಲೇಬೇಡಿ. ಗಂಜಲದ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಅದರ ಘಾಟು ವೈರಿನ ತಾಮ್ರವನ್ನೂ ಹಾಳು ಮಾಡುತ್ತದೆ. ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದಕ್ಕೇ ಅಲ್ಲಿ ಗಾಡಿಗಳು ಬೇಗ ಕೆಡುತ್ತವೆ. ನಮ್ಮ ರಸ್ತೆಗೆ ಯಾರೂ ಉಪ್ಪು ಹಾಕುವುದಿಲ್ಲ, ನಾವೇ ಹೊತ್ತುಕೊಂಡು ಬರುತ್ತೇವೆ. ಪೊಟ್ಯಾಷ್ ಗೊಬ್ಬರದ ಮೂಟೆಯನ್ನು ಸೀಟಿನ ಹಿಂದೆ ಕಟ್ಟುತ್ತೀರಲ್ಲ, ಅದೂ ಉಪ್ಪೇ. ಮೂಟೆಯ ಹೊಲಿಗೆಯಿಂದ ಉದುರಿದ್ದು ಮಡ್‌ಗಾರ್ಡಿನ ಸಂದಿಗೆ ಇಳಿಯುತ್ತದೆ, ರಾತ್ರಿ ಇಬ್ಬನಿಗೆ ಕರಗುತ್ತದೆ. ಮೀನು ಮಾರಲು ಬರುವವರ ಗಾಡಿಯ ಹಿಂಭಾಗ ನೋಡಿ ಗೊತ್ತಾಗುತ್ತದೆ. ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಕಲಸಿದ ತೋಟದ ಔಷಧಿ, ಹೊಡೆಯಲು ಡ್ರಮ್ಮು ಸಾಗಿಸುವ ಬೈಕಿನದೂ ಅದೇ ಪಾಡು. ಸುಣ್ಣ ಕಡಿಮೆಯಾದ ದ್ರಾವಣದಲ್ಲಿ ಕತ್ತಿ ಅದ್ದಿದರೆ ಕೆಂಪಗೆ ತಾಮ್ರ ಹಿಡಿಯುತ್ತದೆ ಅಂತ ತೋಟದವರಿಗೆಲ್ಲ ಗೊತ್ತು. ಕತ್ತಿಯ ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಕೂರುವುದು ಅದು. ಬೈಕಿನ ಕಬ್ಬಿಣ ಬೇರೆಯಾ?

ತೊಳೆಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಬಕೆಟ್ಟು, ಬಟ್ಟೆ, ಸ್ವಲ್ಪ ಶಾಂಪೂ. ಪೈಪಿನ ನೀರನ್ನು ಜೋರಾಗಿ ಚಕ್ರದ ನಡುವಿಗೆ ಹೊಡೆಯಬೇಡಿ, ಬೇರಿಂಗಿಗೆ ನೀರು ಹೋಗುತ್ತದೆ. ತೊಳೆದು ಹಾಗೇ ನಿಲ್ಲಿಸದೆ, ಒರೆಸಿ, ಗೋಣಿಕೊಪ್ಪಕ್ಕೋ ಎಲ್ಲಿಗೋ ಒಂದು ಕೆಲಸ ಇಟ್ಟುಕೊಂಡು ಹೋಗಿ ಬನ್ನಿ. ಗಾಳಿಗೂ ಎಂಜಿನ್ ಬಿಸಿಗೂ ಒಣಗುತ್ತದೆ. ಸುಮ್ನೆ ಸ್ಟಾರ್ಟ್ ಮಾಡಿ ಎರಡು ನಿಮಿಷ ಗುರ್ ಅನ್ನಿಸಿ ಆಫ್ ಮಾಡುವುದು ಬೇಡ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ, ಸೈಲೆನ್ಸರ್ ಚೆನ್ನಾಗಿ ಕಾಯದಿದ್ದರೆ ಅದು ಒಳಗೇ ನಿಂತು ಒಳಗಿನಿಂದ ತಿನ್ನುತ್ತದೆ.

ಈಗ ಮೇಣದ ವಿಷಯ. ಇದೊಂದನ್ನು ಸರಿಯಾಗಿ ಕೇಳಿಸಿಕೊಳ್ಳಿ. ನಮ್ಮ ಮಾವ ಮಂಜಿನಲ್ಲಿ ತೋಟ ಸುತ್ತಿ ಬಂದರೆ, ಕಾಫಿ ಲೋಟ ಮುಟ್ಟುವ ಮೊದಲು ಒಲೆ ಪಕ್ಕ ಕೂತು ಕೋವಿ ಒರೆಸುತ್ತಿದ್ದರು. ಜೇನುಮೇಣ ಸವರಿದ ಬಟ್ಟೆಯೊಂದು ಅದಕ್ಕೆಂದೇ ಗೂಟದಲ್ಲಿ ನೇತಾಡುತ್ತಿತ್ತು, ಅದನ್ನು ಬೇರೆ ಕೆಲಸಕ್ಕೆ ಮುಟ್ಟಿದರೆ ಮನೆ ಹಾರಿಹೋಗುವಂತೆ ಕೂಗುತ್ತಿದ್ದರು. ಕೈಲ್ ಮುಹೂರ್ತಕ್ಕೆ, ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ಪೂಜೆಗೆ ಇಡುವಾಗ ಆ ಕೋವಿಯ ನಳಿಗೆಯಲ್ಲಿ ಒಂದು ಚುಕ್ಕೆ ತುಕ್ಕು ಕಂಡವರಿಲ್ಲ. ಬೈಕಿಗೆ ನಾನು ಮಾಡುವುದೂ ಅದನ್ನೇ.

ಜೇನು ಹಿಂಡಿದ ಮೇಲೆ ಉಳಿದ ಎರಿಯನ್ನು ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಲು ಬಿಟ್ಟರೆ ಮೇಣ ಮೇಲೆ ಹಳದಿ ಬಿಲ್ಲೆಯಾಗಿ ಕಟ್ಟುತ್ತದೆ. ನಿಂಬೆಹಣ್ಣಿನಷ್ಟು ಮೇಣವನ್ನು ಹಳೇ ಸ್ಟೀಲ್ ಲೋಟಕ್ಕೆ ಹಾಕಿ, ಆ ಲೋಟವನ್ನು ಕುದಿವ ನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಪಾತ್ರೆಯನ್ನು ಒಲೆಯಿಂದ ಇಳಿಸಿ ಅಂಗಳಕ್ಕೆ ತಂದುಕೊಂಡೇ ಈ ಕೆಲಸ ಮಾಡಬೇಕು, ಬೆಂಕಿಯ ಮೇಲೆ ನೇರವಾಗಿ ಇಡುವ ಹುಚ್ಚು ಬೇಡ. ಕರಗಿದ ಮೇಲೆ ಹೊಸ ಎಂಜಿನ್ ಆಯಿಲ್ ಹಾಕುತ್ತಾ ಕಡ್ಡಿಯಲ್ಲಿ ತಿರುವಿ. ಹೊಸದು ಅಂದೆ. ವರ್ಕ್‌ಶಾಪಿನಿಂದ ಕಪ್ಪು ಹಳೇ ಆಯಿಲ್ ತಂದು ಬಳಿಯುತ್ತಾರೆ ಕೆಲವರು, ಅದರಲ್ಲಿ ಆಮ್ಲ ಸೇರಿರುತ್ತದೆ, ಕಾಪಾಡುವ ಬದಲು ಕೊರೆಯುತ್ತದೆ. ತೆಂಗಿನೆಣ್ಣೆಯೂ ಬೇಡ, ನಮ್ಮ ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಕಮಟು ಹಿಡಿಯುತ್ತದೆ. ಒಂದು ಹನಿಯನ್ನು ತಣ್ಣನೆ ತಟ್ಟೆಯ ಮೇಲೆ ಬಿಟ್ಟು ಮುಟ್ಟಿ ನೋಡಿ, ಬೆರಳಿಗೆ ಬೆಣ್ಣೆಯ ಹಾಗೆ ಬರಬೇಕು. ಗಟ್ಟಿಯಾದರೆ ಆಯಿಲ್, ನೀರಾದರೆ ಇನ್ನೊಂದು ಚೂರು ಮೇಣ.

ಬೈಕನ್ನು ಬಿಸಿಲಿಗೆ ಬಿಡಿ. ಕಬ್ಬಿಣ ಕೈಗೆ ಬೆಚ್ಚಗೆ ತಾಗಬೇಕು, ತಣ್ಣನೆ ಕಬ್ಬಿಣಕ್ಕೆ ಮೇಣ ಹತ್ತುವುದಿಲ್ಲ. ಹಳೇ ಪಂಚೆಯನ್ನು ಉದ್ದಕ್ಕೆ ಪಟ್ಟಿ ಹರಿದು ಮೇಣದಲ್ಲಿ ತಿಕ್ಕಿ. ಆ ಪಟ್ಟಿಯನ್ನು ಒಂದೊಂದೇ ಕಡ್ಡಿಗೆ ಸುತ್ತಿ, ಚಕ್ರದ ನಡುವಿನ ಹಬ್ಬಿನಿಂದ ರಿಮ್ಮಿನ ಕಡೆಗೆ ಎಳೆಯಿರಿ, ಕೊನೆಯಲ್ಲಿ ಕಡ್ಡಿ ರಿಮ್ಮಿಗೆ ಸೇರುವ ಕಡೆ ಒಂದು ಸುತ್ತು ಜಾಸ್ತಿ ತಿರುಗಿಸಿ. ಬೇಜಾರು ಮಾಡಿಕೊಂಡು ಎರಡೆರಡು ಕಡ್ಡಿ ಒಟ್ಟಿಗೆ ಹಿಡಿಯಬೇಡಿ, ಒಳಗಿನ ಪಕ್ಕ ಹಾಗೇ ಉಳಿದುಬಿಡುತ್ತದೆ. ಸ್ಟ್ಯಾಂಡಿನ ಸ್ಪ್ರಿಂಗು, ನಂಬರ್ ಪ್ಲೇಟಿನ ಹಿಂದೆ, ಫುಟ್‌ರೆಸ್ಟ್ ಬೋಲ್ಟು, ಮಡ್‌ಗಾರ್ಡಿನ ಅಡಿ, ಯಾವುದನ್ನೂ ಬಿಡಬೇಡಿ. ಸ್ವಲ್ಪ ಹೊತ್ತು ಬಿಟ್ಟು ಒಣ ಬಟ್ಟೆಯಲ್ಲಿ ಹೆಚ್ಚಿನದನ್ನು ಒರೆಸಿ, ನೀರು ಚಿಮುಕಿಸಿ. ಹನಿ ಮಣಿ ಮಣಿಯಾಗಿ ನಿಲ್ಲಬೇಕು. ಹರಡಿಕೊಂಡ ಕಡೆ ಮೇಣ ಹತ್ತಿಲ್ಲ, ಇನ್ನೊಮ್ಮೆ ಹಚ್ಚಿ. ಬ್ರೇಕ್ ಡಿಸ್ಕು, ಬ್ರೇಕ್ ಪ್ಯಾಡು, ಟೈರು ಇವುಗಳ ಹತ್ತಿರ ಆ ಬಟ್ಟೆ ಸುಳಿಯಲೇಬಾರದು, ಬ್ರೇಕ್ ಹಿಡಿಯದೆ ಘಾಟಿ ಇಳಿಯುವಾಗ ಪ್ರಾಣಕ್ಕೆ ಬರುತ್ತದೆ. ಸೈಲೆನ್ಸರ್ ಪೈಪಿಗೂ ಬೇಡ, ಬರೀ ಹೊಗೆ.

ಉಳಿದದ್ದು ಗೊತ್ತಿರುವುದೇ. ಚೈನನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಓಡಿಸಿ ಬಂದು ಬೆಚ್ಚಗಿರುವಾಗ ಆಯಿಲ್ ಬಿಡಿ. ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಒಳಗಿನ ರಬ್ಬರ್ ರಿಂಗು ಹೋಗುತ್ತದೆ. ಬೈಕು ನಿಲ್ಲಿಸಿ ಊರಿಗೆ ಹೋಗುವುದಿದ್ದರೆ ಟ್ಯಾಂಕ್ ತುಂಬಿಸಿ ಹೋಗಿ, ಖಾಲಿ ಟ್ಯಾಂಕಿನ ಒಳಗೂ ಇಬ್ಬನಿ ಕಟ್ಟುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ಬೇರೆ ನೀರು ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ಹಾಗೇ ಇಡಬೇಡಿ. ಮುಂದಿನ ಫೋರ್ಕ್ ರಾಡನ್ನು ವಾರಕ್ಕೊಮ್ಮೆ ಉಗುರಲ್ಲಿ ಸವರಿ ನೋಡಿ. ಚುಕ್ಕೆ ತಗುಲಿದರೆ ತಡಮಾಡದೆ ತೋರಿಸಿ, ಅದು ಆಯಿಲ್ ಸೀಲನ್ನು ಹರಿದರೆ ಖರ್ಚು ಜಾಸ್ತಿ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಮೇಣಕ್ಕೆ ಧೂಳು ಅಂಟುತ್ತದೆ, ಆಗ ಡೀಸೆಲ್ ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆದು, ಮಳೆ ಹಿಡಿಯುವ ಮೊದಲು ಹೊಸದಾಗಿ ಹಚ್ಚಿ.