ಮುಂಬೈ, ಪುಣೆ, ಗೋವಾ: ದುಡಿಮೆಗೂ ಬದುಕಿಗೂ ಒಗ್ಗುವ ಊರನ್ನು ಆರಿಸುವುದು ಹೇಗೆ?

ಹುಬ್ಬಳ್ಳಿ, ಕಲಬುರಗಿ, ಉಡುಪಿ, ಕಾರವಾರದ ಕಡೆಯಿಂದ ಕೆಲಸಕ್ಕಾಗಿ ಹೊರಡುವವರ ಮುಂದೆ ಬೆಂಗಳೂರಿನ ಜೊತೆಗೆ ಮುಂಬೈ, ಪುಣೆ, ಗೋವಾಗಳೂ ಇರುತ್ತವೆ. ಈ ಮೂರರಲ್ಲೂ ಕನ್ನಡಿಗರು ತಲೆಮಾರುಗಳಿಂದ ನೆಲೆಸಿರುವುದರಿಂದ, ಸಂಬಂಧಿಕರೊಬ್ಬರು ಅಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ಊರು ನಿಶ್ಚಯವಾಗಿಬಿಡುವುದುಂಟು. ಅವರ ಆಸರೆ ಮೊದಲ ತಿಂಗಳಿಗೆ ಬೇಕು, ನಿಜ. ಆಮೇಲಿನ ವರ್ಷಗಳ ನೆಮ್ಮದಿ ಮಾತ್ರ ಮನೆಗೂ ಕಚೇರಿಗೂ ನಡುವಿನ ದಾರಿಯನ್ನೇ ಹೆಚ್ಚಾಗಿ ಅವಲಂಬಿಸಿರುತ್ತದೆ.

ಮೊದಲು ಯೋಚಿಸಬೇಕಾದದ್ದು ಕೈಗೆ ಬಂದ ಕೆಲಸದ ಬಗ್ಗೆ ಅಲ್ಲ, ಅದು ತಪ್ಪಿದರೆ ಅದೇ ಊರಿನಲ್ಲಿ ಸಿಗಬಹುದಾದ ಎರಡನೆಯ ಕೆಲಸದ ಬಗ್ಗೆ. ಬ್ಯಾಂಕು, ವಿಮೆ, ಷೇರುಪೇಟೆ, ಜಾಹೀರಾತು, ಸಿನಿಮಾ ಕ್ಷೇತ್ರದವರಿಗೆ ಮುಂಬೈಯಲ್ಲಿ ಅವಕಾಶ ಹೆಚ್ಚು. ಪುಣೆಯಲ್ಲಿ ಹಿಂಜವಡಿ, ಖರಾಡಿ, ಮಗರಪಟ್ಟಾದ ಸಾಫ್ಟ್‌ವೇರ್ ಕಂಪನಿಗಳೂ ಪಿಂಪ್ರಿ-ಚಿಂಚ್ವಡ್ ಮತ್ತು ಚಾಕಣದ ವಾಹನ ಕಾರ್ಖಾನೆಗಳೂ ಇವೆ. ಗೋವಾದಲ್ಲಿ ವೆರ್ಣಾ ಕೈಗಾರಿಕಾ ವಸಾಹತಿನ ಔಷಧ ಕಾರ್ಖಾನೆಗಳು, ಮುರ್ಮುಗೋವಾ ಬಂದರು, ಹೋಟೆಲ್ ಉದ್ಯಮಗಳಿದ್ದರೂ ಒಟ್ಟಾರೆ ಕ್ಷೇತ್ರ ಚಿಕ್ಕದು. ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಯವರು ಇಬ್ಬರ ಕೆಲಸವೂ ಗೊತ್ತಾದ ಮೇಲೆಯೇ ಅಲ್ಲಿಗೆ ಹೊರಡುವುದು ಕ್ಷೇಮ.

ಎರಡನೆಯ ಹೆಜ್ಜೆ ದಾರಿಯ ಲೆಕ್ಕ. ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ಮುಂಬೈಯಲ್ಲಿರುವ ನಮ್ಮನ್ನು ಹೊಸಬರು ಮೊದಲು ಕೇಳುವುದು ಬಾಡಿಗೆ ಎಷ್ಟೆಂದು. ಯಾವ ಲೈನಿನಲ್ಲಿ ಮನೆ ಹುಡುಕಬೇಕು ಎಂದು ಕೇಳುವವರು ವಿರಳ. ಇಲ್ಲಿ ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಎಂಬ ಮೂರು ಮುಖ್ಯ ಲೋಕಲ್ ಮಾರ್ಗಗಳಿದ್ದು, ಕಚೇರಿ ಯಾವ ಮಾರ್ಗದಲ್ಲಿದೆಯೋ ಅದೇ ಮಾರ್ಗದಲ್ಲಿ ಮನೆ ಸಿಕ್ಕಿದರೆ ದಾದರ್ ಅಥವಾ ಕುರ್ಲಾದಲ್ಲಿ ಸೇತುವೆ ಹತ್ತಿಳಿದು ಗಾಡಿ ಬದಲಿಸುವ ದಿನನಿತ್ಯದ ದಣಿವು ತಪ್ಪುತ್ತದೆ. ನವಿ ಮುಂಬೈಯ ಐರೋಳಿಯಲ್ಲಿ ಕೆಲಸವಿರುವವರು ಠಾಣೆ ನಗರದಲ್ಲಿ ಮನೆ ಮಾಡಿದರೆ, ಇವೆರಡನ್ನೂ ಜೋಡಿಸುವ ಟ್ರಾನ್ಸ್-ಹಾರ್ಬರ್ ಮಾರ್ಗದ ಗಾಡಿಯಲ್ಲಿ ನೇರವಾಗಿ ಹೋಗಿಬರಬಹುದು. ಡೊಂಬಿವಲಿ, ವಿರಾರ್‌ನಂಥ ಕಡೆ ಬಾಡಿಗೆ ಕಡಿಮೆಯೆಂದು ಒಪ್ಪಿಕೊಳ್ಳುವ ಮೊದಲು ಕೆಲಸದ ದಿನ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿ: ಚೀಲವನ್ನು ಎದೆಗೆ ತೂಗುಹಾಕಿಕೊಂಡ ಜನ ಫಾಸ್ಟ್ ಲೋಕಲ್ ನಿಲ್ಲುವ ಮೊದಲೇ ಬಾಗಿಲ ಕಂಬಿ ಹಿಡಿಯುತ್ತಾರೆ. ಆ ಗಾಡಿಯನ್ನು ನೀವೂ ನಿತ್ಯ ಹತ್ತಬಲ್ಲಿರಾ ಎಂಬುದಕ್ಕೆ ಅಲ್ಲೇ ಉತ್ತರ ಸಿಗುತ್ತದೆ.

ಪುಣೆಯಲ್ಲಿ ಈ ಬಗೆಯ ರೈಲಿನ ಬೆನ್ನೆಲುಬಿಲ್ಲ. 2022ರಲ್ಲಿ ಶುರುವಾದ ಮೆಟ್ರೊದ ಎರಡು ಮಾರ್ಗಗಳು ಪಿಂಪ್ರಿ-ಸ್ವಾರಗೇಟ್ ಮತ್ತು ವನಾಜ್-ರಾಮವಾಡಿ ದಿಕ್ಕಿನವರಿಗೆ ಅನುಕೂಲ. ಹಿಂಜವಡಿ ಮತ್ತು ಖರಾಡಿ ನಗರದ ಎರಡು ತುದಿಗಳಲ್ಲಿರುವುದರಿಂದ ಮೊದಲನೆಯದಕ್ಕೆ ವಾಕಡ್, ಬಾಣೇರ್, ಎರಡನೆಯದಕ್ಕೆ ವಿಮಾನನಗರ, ಹಡಪಸರ ಎಂದು ಹುಡುಕುವುದೇ ಸರಿ. ಗೋವಾದಲ್ಲಿ ಸರ್ಕಾರಿ ಸಾರಿಗೆಯಾದ ಕದಂಬದ ಬಸ್ಸುಗಳೂ ಖಾಸಗಿ ಬಸ್ಸುಗಳೂ ರಾತ್ರಿಯಾಗುತ್ತಿದ್ದಂತೆ ವಿರಳವಾಗುವುದರಿಂದ ಸ್ವಂತ ದ್ವಿಚಕ್ರ ವಾಹನದ ಖರ್ಚನ್ನು ಲೆಕ್ಕಕ್ಕೆ ಸೇರಿಸಲೇಬೇಕು.

ಮೂರನೆಯದು ಮನೆ. ಮಹಾರಾಷ್ಟ್ರದಲ್ಲಿ ಸಾಮಾನ್ಯವಾಗಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು (ಗೊತ್ತಾದ ಅವಧಿಗೆ ಮನೆಯಲ್ಲಿರಲು ಮಾಲೀಕರು ಕೊಡುವ ಅನುಮತಿಯ ಕರಾರು) ಮಾಡಿಕೊಳ್ಳುತ್ತಾರೆ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಅದರ ನೋಂದಣಿ ಕಡ್ಡಾಯ, ಮಾಡಿಸುವ ಹೊಣೆ ಮಾಲೀಕರದು; ನೋಂದಣಿ ಬೇಡವೆನ್ನುವ ಮಾಲೀಕರ ಮನೆ ಬೇಡ. ಬಾಡಿಗೆಯ ಜೊತೆಗೆ ಡಿಪಾಸಿಟ್, ಬ್ರೋಕರ್ ಕಮಿಷನ್, ಸೊಸೈಟಿಯ ಮೇಂಟೆನೆನ್ಸ್ ಯಾರ ಪಾಲಿಗೆ ಎಂಬುದೂ ಬರವಣಿಗೆಯಲ್ಲಿರಲಿ. ಗೋವಾದ ಕಲಂಗುಟ್, ಅಂಜುನಾದಂಥ ಕಡಲ ತೀರದಲ್ಲಿ ಪ್ರವಾಸಿಗರ ಹಂಗಾಮಿನ ಆದಾಯಕ್ಕಾಗಿ ಮನೆ ಬಿಡಿಸುವ ಮಾಲೀಕರಿರಬಹುದಾದ್ದರಿಂದ, ವರ್ಷವಿಡೀ ನೆಲೆಸುವವರಿಗೆ ಮಡಗಾಂವ್, ವಾಸ್ಕೊ, ಫೋಂಡಾ ಲೇಸು.

ನೀರು ಮತ್ತು ಮಳೆಯನ್ನು ಕಣ್ಣಾರೆ ಪರೀಕ್ಷಿಸಬೇಕು. ಮುಂಬೈಯ ಸಾಂತಾಕ್ರೂಜ್‌ನಲ್ಲಿ 2005ರ ಜುಲೈ 26ರಂದು 944 ಮಿ.ಮೀ. ಮಳೆ ಸುರಿದದ್ದು ಎಲ್ಲರಿಗೂ ಗೊತ್ತು. ಅಂಥ ಮಳೆಯೇ ಬರಬೇಕೆಂದಿಲ್ಲ, ದಾದರ್ ಬಳಿಯ ಹಿಂದಮಾತಾದಂಥ ತಗ್ಗಿನಲ್ಲಿ ಮಾಮೂಲಿ ಜೋರುಮಳೆಗೂ ನೀರು ನಿಲ್ಲುತ್ತದೆ. ಪುಣೆಯಲ್ಲಿ ಮಳೆ ಕಡಿಮೆಯಾದರೂ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿತ್ತು. ಅದೇ ಪುಣೆಯ ಹೊರವಲಯದ ಎಷ್ಟೋ ಹೊಸ ಸೊಸೈಟಿಗಳು ಬೇಸಿಗೆಯಲ್ಲಿ ಟ್ಯಾಂಕರ್ ನೀರನ್ನೇ ನಂಬಿವೆ. ಇದನ್ನು ಬ್ರೋಕರ್ ಹೇಳುವುದಿಲ್ಲ. ಗೇಟಿನ ವಾಚ್‌ಮನ್‌ ಬಳಿ ನಿಂತು, ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬಂದವು, ಮಳೆಗಾಲದಲ್ಲಿ ಪಾರ್ಕಿಂಗ್‌ನಲ್ಲಿ ನೀರು ಎಲ್ಲಿಯವರೆಗೆ ಏರಿತು ಎಂದು ವಿಚಾರಿಸಿ. ಗೋಡೆಯ ಮೇಲಿನ ಕಲೆಯನ್ನು ಅವರೇ ತೋರಿಸುತ್ತಾರೆ.

ಮಕ್ಕಳಿದ್ದರೆ ಅವರ ಓದಿನ ವಿಚಾರವನ್ನು ತಡಮಾಡದೆ ಇತ್ಯರ್ಥಮಾಡಿಕೊಳ್ಳಿ. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಲಿಕೆ ಕಡ್ಡಾಯ. ಒಂದನೆಯ ತರಗತಿಯ ಮಗು ಅದನ್ನು ಬೇಗ ಹಿಡಿಯುತ್ತದೆ, ಎಂಟನೆಯ ತರಗತಿಯ ಮಗುವಿಗೆ ಕಷ್ಟ. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಕರ್ನಾಟಕದ ಸಿಇಟಿಯಲ್ಲಿ ರಾಜ್ಯದ ಸೀಟಿಗೆ ಇರುವ ಮುಖ್ಯ ಅರ್ಹತೆಗಳಲ್ಲಿ ಒಂದು, ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿರುವುದು. ಮಗ ಅಥವಾ ಮಗಳು ಐದು, ಆರನೆಯ ತರಗತಿಯಲ್ಲಿದ್ದಾಗ ಊರು ಬಿಟ್ಟರೆ ಆ ಅರ್ಹತೆ ಕೈತಪ್ಪಬಹುದು. ಹೋಗುವ ರಾಜ್ಯದ ವಾಸ್ತವ್ಯದ ನಿಯಮಗಳನ್ನೂ ಓದಿಕೊಂಡೇ ತೀರ್ಮಾನಿಸಿ.

ವಯಸ್ಸಾದ ತಂದೆತಾಯಿ ಊರಿನಲ್ಲಿದ್ದರೆ ಮರಳುವ ದಾರಿಯನ್ನೂ ತೂಗಿ ನೋಡಬೇಕು. ಕಲಬುರಗಿಯವರಿಗೆ ಸೊಲ್ಲಾಪುರದ ಮೂಲಕ ಪುಣೆ, ಮುಂಬೈ ಎರಡಕ್ಕೂ ರೈಲಿದೆ. ಬೆಳಗಾವಿ, ಹುಬ್ಬಳ್ಳಿಯವರಿಗೆ ಪುಣೆಯ ಹೆದ್ದಾರಿಯೂ ಗೋವಾದ ಘಾಟಿಯೂ ಹತ್ತಿರ. ಕರಾವಳಿಯವರಿಗೆ ಕೊಂಕಣ ರೈಲ್ವೆಯ ಮತ್ಸ್ಯಗಂಧ ಮುಂಬೈಯನ್ನು ಒಂದು ರಾತ್ರಿಯ ದೂರಕ್ಕೆ ತಂದಿದೆ. ಕನ್ನಡದ ನಂಟು ಬೇಕೆನ್ನುವವರಿಗೆ ಮಾಟುಂಗಾದ ಮೈಸೂರು ಅಸೋಸಿಯೇಷನ್ ಇದೆ, ಪುಣೆಯಲ್ಲಿ ಕನ್ನಡ ಸಂಘವಿದೆ.

ಇಷ್ಟಾದ ಮೇಲೆ, ಸಾಧ್ಯವಾದರೆ ಜುಲೈಯಲ್ಲಿ, ಒಂದು ವಾರ ಪೇಯಿಂಗ್ ಗೆಸ್ಟ್ ಆಗಿ ಇದ್ದು ಕಚೇರಿಯ ವೇಳೆಗೆ ಸರಿಯಾಗಿ ಹೋಗಿಬನ್ನಿ. ಮನಸ್ಸು ಒಪ್ಪಿದರೆ ವಾಹನದ ಕಾಗದಪತ್ರಕ್ಕೆ ಕೈಹಾಕಬಹುದು: ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವ ವಾಹನಕ್ಕೆ ಅಲ್ಲಿನ ನೋಂದಣಿ ಬೇಕಾಗುವುದರಿಂದ, ಹೊರಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆದಿಟ್ಟುಕೊಳ್ಳಿ.