ಏಟಿವಿಯ ಹಿಂದಿನ ಆಕ್ಸಲ್ ಬದಲಿಸುವುದು ಹೇಗೆ?

ನಮ್ಮ ಏಟಿವಿ, ಅಂದರೆ ಹೊಲದಲ್ಲಿ ಓಡಿಸುವ ದಪ್ಪ ಟೈರಿನ ನಾಲ್ಕು ಗಾಲಿ ಗಾಡಿ. ಅದರ ಹಿಂದಿನ ಗಾಲಿಯ ಕಡೆಯಿಂದ ಗರಗರ ಸದ್ದು ಶುರುವಾಗಿ ಎರಡು ವಾರ ಆಗಿತ್ತು. ಚೈನ್ ಒಣಗಿರಬೇಕು ಅಂದುಕೊಂಡು ಎಣ್ಣೆ ಬಿಟ್ಟು ಸುಮ್ಮನಾದೆ. ಒಂದು ಸಂಜೆ ಅಣ್ಣಿಗೇರಿ ಹತ್ತಿರದ ಹೊಲದಿಂದ ಕಡಲೆ ಚೀಲ ಹೇರಿಕೊಂಡು ಬರುವಾಗ, ಹಿಂದೆ ನಡೆದು ಬರುತ್ತಿದ್ದ ನಮ್ಮ ಆಳು ಕೂಗಿದ: ‘ಗಾಲಿ ಡಾನ್ಸ್ ಮಾಡಾಕತ್ತೈತ್ರಿ!’ ಹಿಂದಿನ ಎರಡು ಗಾಲಿಗಳನ್ನು ಹಿಡಿದಿರುವ ಆಕ್ಸಲ್ ಬಾಗಿತ್ತು. ಅದು ಸಲೀಸಾಗಿ ತಿರುಗಲು ಇರುವ ಬೇರಿಂಗೂ ಹೋಗಿತ್ತು.

ಎರೆ ಹೊಲದಲ್ಲಿ ಏಟಿವಿ ಓಡಿಸುವವರಿಗೆ ಈ ಕೆಲಸ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಮಳೆಗಾಲದಲ್ಲಿ ಈ ಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲು. ಬೇರಿಂಗಿಗೆ ಮಣ್ಣು ಹೋಗದಂತೆ ತಡೆಯುವ ಸೀಲ್ ಸ್ವಲ್ಪ ಸವೆದಿದ್ದರೂ ಸಾಕು, ಒಳಗೆ ನುಗ್ಗಿ ಗ್ರೀಸಿನ ಜೊತೆ ಸೇರಿ ಬೇರಿಂಗ್ ಅರೆಯುತ್ತದೆ. ಬದು ಹಾರಿಸುವ ಚಟ ಇದ್ದರಂತೂ ಆಕ್ಸಲ್ ಬಾಗುವುದಕ್ಕೆ ತಡವಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಇದು ಚೈನ್‌ನಿಂದ ಓಡುವ, ಹಿಂದೆ ಒಂದೇ ಉದ್ದನೆಯ ಆಕ್ಸಲ್ ಇರುವ ಗಾಡಿಯ ಕೆಲಸ. ಎತ್ತಿನ ಬಂಡಿಯ ಅಚ್ಚು ನೆನಪಿಸಿಕೊಳ್ಳಿ. ಬಂಡಿಯಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ತಿರುಗುತ್ತದೆ. ಇಲ್ಲಿ ಎರಡೂ ಒಟ್ಟಿಗೇ ತಿರುಗುತ್ತವೆ. ಪ್ರತಿ ಗಾಲಿಗೂ ಬೇರೆ ಬೇರೆ ಶಾಫ್ಟ್ ಇರುವ ದೊಡ್ಡ ಗಾಡಿಗಳ ಲೆಕ್ಕವೇ ಬೇರೆ.

ಕಾಯಿಲೆ ಯಾವುದು ಅಂತ ಮೊದಲು ಗೊತ್ತಾಗಬೇಕಲ್ವಾ? ಹಿಂಭಾಗ ಎತ್ತಿ, ಗಾಲಿಯ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಹಬ್ (ಆಕ್ಸಲ್ ತುದಿಯಲ್ಲಿ ಗಾಲಿ ಕೂರುವ ಭಾಗ) ನಟ್ ಬಿಗಿಯಿದ್ದೂ ಕಟಕಟ ಅಂದರೆ ಬೇರಿಂಗ್ ಸವೆದಿದೆ. ಬಾಗು ನೋಡಲು ಫ್ರೇಮಿಗೆ ಒಂದು ತಂತಿ ಕಟ್ಟಿ, ಅದರ ತುದಿ ಆಕ್ಸಲ್‌ಗೆ ತಾಗಿಯೂ ತಾಗದ ಹಾಗೆ ಇಟ್ಟು ನಿಧಾನ ತಿರುಗಿಸಿ. ಸಂದು ದೊಡ್ಡದು ಚಿಕ್ಕದು ಆಗುತ್ತಿದ್ದರೆ ಬಾಗಿದೆ ಅಂತಲೇ ಅರ್ಥ. ಬಾಗಿದ್ದನ್ನು ಬಡಿದು ನೆಟ್ಟಗೆ ಮಾಡಿಸುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಹೊಸದೇ ಹಾಕಿ.

ಬಿಚ್ಚುವ ಕೆಲಸ

ಗಾಡಿಯನ್ನು ಕಾಂಕ್ರೀಟ್ ನೆಲಕ್ಕೆ ತನ್ನಿ. ಎರೆ ಮಣ್ಣಿನ ಮೇಲೆ ಜಾಕ್ ಇಟ್ಟರೆ ಅದು ಕೆಳಗಿಳಿಯುತ್ತದೆ, ಗಾಡಿ ಮೇಲೇರುವುದಿಲ್ಲ. ಹೊಲದಲ್ಲೇ ಮಾಡಬೇಕಾದರೆ ಜಾಕಿನ ಕೆಳಗೆ ದಪ್ಪ ಹಲಗೆ ಹಾಕಿ. ಗಾಲಿಯ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿಕೊಳ್ಳಿ. ಎತ್ತಿದ ಮೇಲೆ ಫ್ರೇಮಿನ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೈ ಒಳಗೆ ಹಾಕಬೇಡಿ.

ಗಾಲಿ ತೆಗೆದರೆ ಹಬ್ ಕಾಣುತ್ತದೆ. ಅದರ ನಟ್ಟಿನಲ್ಲಿ ಒಂದು ಕಾಟರ್ ಪಿನ್ ಇರುತ್ತದೆ, ಬಂಡಿಯ ಕಡೆಗೀಲು ಇದ್ದ ಹಾಗೆ. ಅದನ್ನು ಎಳೆದು ಬಿಸಾಕಿ, ಮತ್ತೆ ಹಾಕಬೇಡಿ. ನಟ್ ಬಿಚ್ಚಿ ಹಬ್ ಎಳೆಯಿರಿ. ಬ್ರೇಕ್ ಕ್ಯಾಲಿಪರನ್ನು (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಬಿಚ್ಚಿ ತಂತಿಯಿಂದ ಫ್ರೇಮಿಗೆ ಕಟ್ಟಿ. ಹೋಸಿನ ಮೇಲೆ ಜೋತು ಬಿಡಬೇಡಿ. ಡಿಸ್ಕ್ ಇಲ್ಲದಾಗ ಯಾರೂ ಆ ಬ್ರೇಕ್ ಒತ್ತದ ಹಾಗೆ ನೋಡಿಕೊಳ್ಳಿ, ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ನಮ್ಮನೆಯ ಮಕ್ಕಳಿಗೆ ಹ್ಯಾಂಡಲ್ ಕಂಡರೆ ಕೈ ನಿಲ್ಲುವುದಿಲ್ಲ, ಅದಕ್ಕೇ ಹೇಳಿದೆ. ಚೈನ್ ಸಡಿಲಿಸಿ, ಅದರ ಎರಡು ತುದಿ ಜೋಡಿಸುವ ಲಿಂಕ್ ತೆಗೆದು ಬಿಚ್ಚಿ.

ಈಗ ಆಕ್ಸಲ್ ಮೇಲಿನ ಎರಡು ದೊಡ್ಡ ಲಾಕ್ ನಟ್ಟುಗಳು. ಇಡೀ ಕೆಲಸದಲ್ಲಿ ನಿಮ್ಮನ್ನು ಸತಾಯಿಸುವುದು ಇವೇ. ಅಕ್ಕಪಕ್ಕ ಕೂತು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಎರಡು ಅಗಲ ಪಾನಾ ಬೇಕು: ಒಳಗಿನದನ್ನು ಹಿಡಿದು ಹೊರಗಿನದನ್ನು ತಿರುಗಿಸಬೇಕು. ಉಳಿ ಇಟ್ಟು ಬಡಿದರೆ ನಟ್ಟಿನ ಮೂಲೆ ಹಾರಿಹೋಗುತ್ತದೆ. ಕೆಂಪು ಥ್ರೆಡ್ ಲಾಕರ್ (ನಟ್ಟು ಸಡಿಲಾಗದಂತೆ ಹಚ್ಚುವ ಅಂಟು) ಹಾಕಿದ್ದರೆ ಬಲಕ್ಕೆ ಬಗ್ಗುವುದಿಲ್ಲ. ಅದು ಮೆತ್ತಗಾಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹೀಟ್ ಗನ್‌ನಿಂದ ನಟ್ಟನ್ನು ಮಾತ್ರ ಕಾಯಿಸಿ, ಬಿಸಿಯಿದ್ದಾಗಲೇ ತಿರುಗಿಸಿ. ಪಕ್ಕದಲ್ಲಿ ಪೆಟ್ರೋಲ್ ಡಬ್ಬಿ, ಎಣ್ಣೆ ಅರಿವೆ ಇರಕೂಡದು.

ನಟ್ಟು ಬಂದರೆ ಅರ್ಧ ಗೆದ್ದ ಹಾಗೆ. ಆಕ್ಸಲ್ ಯಾವ ಕಡೆಯಿಂದ ಹೊರಬರುತ್ತದೆ ಅಂತ ಮೊದಲು ನೋಡಿ. ಕೆಲವದರಲ್ಲಿ ಒಂದು ಬದಿಗೆ ದಪ್ಪ ಮೆಟ್ಟಿಲು ಇರುತ್ತದೆ, ಆ ಕಡೆಗೆ ಮಾತ್ರ ಬರುತ್ತದೆ. ನಂತರ ಹಬ್ ನಟ್ಟನ್ನು ತುದಿಗೆ ಸಮವಾಗಿ ವಾಪಸ್ ಹಾಕಿ, ಅದರ ಮೇಲೆ ಮರದ ತುಂಡು ಇಟ್ಟು ಬಡಿಯಿರಿ. ನಾನು ಮೊದಲ ಸಲ ಆತುರಕ್ಕೆ ಬರಿ ಸುತ್ತಿಗೆಯಿಂದಲೇ ಬಡಿದೆ. ಆ ಸಲ ಕೆಟ್ಟಿದ್ದು ಬೇರಿಂಗ್ ಒಂದೇ, ಆಕ್ಸಲ್ ಚೆನ್ನಾಗಿತ್ತು. ನಾಲ್ಕೇ ಏಟಿಗೆ ತುದಿ ಅಣಬೆಯಂತೆ ಅರಳಿತು, ನಟ್ಟು ಏರಲಿಲ್ಲ. ಹುಬ್ಬಳ್ಳಿಗೆ ಹೊತ್ತೊಯ್ದು ಲೇತಿನಲ್ಲಿ ಥ್ರೆಡ್ ಕೊರೆಸಿಕೊಂಡು ಬಂದೆ. ಲೇತಿನವರು ನಕ್ಕಿದ್ದು ಕೂಲಿಗಿಂತ ಜಾಸ್ತಿ ನೋವಾಯಿತು.

ಬೇರಿಂಗ್ ಬಿಡಬೇಡಿ

ಆಕ್ಸಲ್ ಹೊರಗೆ ಬಂದಾಗ ಬೇರಿಂಗ್, ಸೀಲ್ ಎರಡನ್ನೂ ಬದಲಿಸಿ. ‘ಇನ್ನೂ ಚೆನ್ನಾಗಿದೆ’ ಅನ್ನುವ ಮಾತಿಗೆ ಬೀಳಬೇಡಿ. ಇದನ್ನೆಲ್ಲ ಇನ್ನೊಮ್ಮೆ ಬಿಚ್ಚುವುದು ಯಾರಿಗೆ ಬೇಕು? ನಂಬರ್ ಬೇರಿಂಗಿನ ಮೇಲೆಯೇ ಕೊರೆದಿರುತ್ತದೆ. 6205 ಅಂದರೆ ಒಳಗಿನ ತೂತು 25, ಹೊರಗಿನ ಅಳತೆ 52, ದಪ್ಪ 15 ಮಿಲಿಮೀಟರ್. ಕೊನೆಗೆ 2ಆರ್‌ಎಸ್ ಅಂತ ಇದ್ದರೆ ಎರಡೂ ಬದಿಗೆ ರಬ್ಬರ್ ಮುಚ್ಚಳ ಇದೆ. ನಮ್ಮ ಮಣ್ಣಿಗೆ ಅದೇ ಬೇಕು. ಹಳೆಯದನ್ನು ಅಂಗಡಿಗೆ ಒಯ್ದರೆ ತಪ್ಪಾಗುವ ಮಾತೇ ಇಲ್ಲ.

ಹೊಸ ಬೇರಿಂಗನ್ನು ಹೌಸಿಂಗ್‌ಗೆ, ಅಂದರೆ ಅದು ಕೂರುವ ಗೂಡಿಗೆ, ಕೂರಿಸುವಾಗ ಹೊರಗಿನ ಬಳೆಯ ಮೇಲೆ ಮಾತ್ರ ಒತ್ತಡ ಬೀಳಬೇಕು. ಹಳೆಯ ಬೇರಿಂಗನ್ನೇ ಮೇಲಿಟ್ಟು ಬಡಿಯಬಹುದು. ಎರಡು ಬೇರಿಂಗ್‌ಗಳ ನಡುವೆ ಒಂದು ಕೊಳವೆ ಬರುತ್ತದೆ. ಅದನ್ನು ಮರೆತು ಬೆಂಚಿನ ಮೇಲೇ ಬಿಟ್ಟರೆ, ನಟ್ಟು ಬಿಗಿದಾಗ ಬೇರಿಂಗ್‌ಗಳು ಅಡ್ಡಡ್ಡ ಒತ್ತಿಕೊಂಡು ಬೇಗ ಹಾಳಾಗುತ್ತವೆ. ಸೀಲ್ ಯಾವ ಮುಖವಾಗಿತ್ತೋ ಹಾಗೇ ಕೂರಬೇಕು. ಬಿಚ್ಚುವಾಗ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟಿದ್ದರೆ ಈಗ ತಲೆ ಕೆರೆದುಕೊಳ್ಳಬೇಕಿಲ್ಲ.

ಜೋಡಿಸುವುದು ಬಿಚ್ಚಿದ್ದಕ್ಕೆ ತಿರುಗಾಮುರುಗಾ. ಆಕ್ಸಲ್‌ನ ಹಲ್ಲುಗಳಿಗೆ ತೆಳ್ಳಗೆ ಗ್ರೀಸ್ ಹಚ್ಚಿ ತೂರಿಸಿ. ಬ್ರೇಕ್ ಡಿಸ್ಕಿಗೆ ತಾಗಿದ್ದರೆ ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಒಳಗಿನ ಲಾಕ್ ನಟ್ ಮೊದಲು ಬಿಗಿಯಿರಿ, ಅದನ್ನು ಹಿಡಿದುಕೊಂಡು ಹೊರಗಿನದನ್ನು ಅದಕ್ಕೆ ಒತ್ತಿ ಬಿಗಿಯಿರಿ. ಬಿಗಿತದ ಲೆಕ್ಕ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿದೆ, ಬಿಗಿತ ಅಳೆಯುವ ಟಾರ್ಕ್ ಪಾನಾ ಇಲ್ಲದಿದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಚೈನ್ ಲಿಂಕಿನ ಕ್ಲಿಪ್ಪಿಗೆ ಒಂದು ಮುಚ್ಚಿದ ತುದಿ, ಒಂದು ಸೀಳಿದ ತುದಿ. ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಉಲ್ಟಾ ಹಾಕಿದರೆ ಕ್ಲಿಪ್ ಯಾವುದೋ ಕಡ್ಡಿಗೆ ಸಿಕ್ಕಿ ಹಾರಿಹೋಗಬಹುದು. ಚೈನಿನ ಸಡಿಲವನ್ನೂ ಮ್ಯಾನುಯಲ್ ನೋಡಿಯೇ ಇಡಿ. ಹಬ್ ನಟ್ಟಿಗೆ ಹೊಸ ಕಾಟರ್ ಪಿನ್. ತೂತು ಹೊಂದದಿದ್ದರೆ ನಟ್ಟನ್ನು ಹಿಂದಕ್ಕೆ ಸಡಿಲಿಸಬೇಡಿ, ಇನ್ನಷ್ಟು ಮುಂದಕ್ಕೆ ತಿರುಗಿಸಿ ಹೊಂದಿಸಿ.

ಗಾಲಿ ಹಾಕಿ ಕೆಳಗಿಳಿಸಿದ ಮೇಲೆ ಬ್ರೇಕನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾದ ಮೇಲೆ ಹೊರಡಿ. ಹೊಲದಲ್ಲೇ ನಿಧಾನವಾಗಿ ಎರಡು ಸುತ್ತು ಹೊಡೆದು ಬಂದು ಲಾಕ್ ನಟ್ಟು, ಹಬ್ ನಟ್ಟು, ಚೈನ್ ಮತ್ತೊಮ್ಮೆ ನೋಡಿ. ಬಿಗಿದ ಮೇಲೆ ಲಾಕ್ ನಟ್ಟಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಜರುಗಿದ್ದರೆ ನಟ್ಟು ಸಡಿಲಾಗಿದೆ ಅಂತ ದೂರದಿಂದಲೇ ಕಾಣುತ್ತದೆ.